ಆಮೆಯ ಹೊಟ್ಟೆಯೊಳಗೊಂದು ಬಗ್ಗು

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. "ಎಲ್ಲಿ ಮಾರಾಯ, ಬ್ಲಾಗಿಗೆ ಬೀಗ ಹಾಕಿದ್ಯಾ?" ಅಂತ ಇಬ್ಬರು ಮೇಲ್ ಮಾಡಿದ್ರು, ಒಬ್ಬರಂತೂ ಫೋನೇ ಮಾಡಿ ಬೈದ್ರು. ಕಾರಣ ಹೇಳಿದ್ರೆ ನಗ್ತೀರಿ. ಕಾರಣ ಒಂದು ಆಮೆ. ತಮಾಷೆ ಅಲ್ಲ, ನಿಜವಾಗಿಯೂ ಆಮೆ!

ನನ್ನ ಹೊಟ್ಟೆಪಾಡಿನ ಕೆಲಸ ಏನು ಅಂತ ಇಲ್ಲಿ ಯಾವತ್ತೂ ಸರಿಯಾಗಿ ಬರೆದಿಲ್ಲ. ಸಾಫ್ಟ್‌ವೇರು ಅಂದರೆ ಊರಲ್ಲಿ ಎಲ್ಲರೂ "ಓಹೋ ಕಂಪ್ಯೂಟ್ರಾ" ಅಂತ ಅಲ್ಲಿಗೇ ಬಿಟ್ಟುಬಿಡ್ತಾರೆ, ನಾನೂ ಬಿಟ್ಟುಬಿಡ್ತೀನಿ. ನಾನು ಅಲ್ಟ್ರಾಸೌಂಡ್ ಮೆಷಿನ್ನುಗಳ ಒಳಗಿನ ಕೋಡ್ ಬರೆಯುವವನು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆಗೆ ತಣ್ಣಗಿನ ಜೆಲ್ ಹಚ್ಚಿ, ಇಸ್ತ್ರಿಪೆಟ್ಟಿಗೆ ತರಹದ್ದೊಂದನ್ನು ಆಡಿಸ್ತಾರಲ್ಲ, ಅದಕ್ಕೆ ಪ್ರೋಬ್ ಅಂತಾರೆ. ಅದರಿಂದ ಬರುವ ಸಿಗ್ನಲ್ಲನ್ನು ಬೂದುಬಣ್ಣದ ಚಿತ್ರ ಮಾಡುವ ಸಾವಿರಾರು ಸಾಲುಗಳಲ್ಲಿ ಒಂದಿಷ್ಟು ನನ್ನವು. ಇಂಜಿನಿಯರಿಂಗಿನಲ್ಲಿ ಸಿಗ್ನಲ್ಸ್ ಪೇಪರನ್ನು ಎರಡನೇ ಸಲ ಬರೆದು ಪಾಸಾದವನಿಗೆ ಇದೇ ಕೆಲಸ ಸಿಕ್ಕಿದ್ದು ದೇವರ ತಮಾಷೆ ಇರಬೇಕು :-)

ಮೂರು ತಿಂಗಳ ಹಿಂದೆ ಒಂದು ಬಗ್ ನನ್ನ ಹೆಸರಿಗೆ ಬಂತು. ಯುರೋಪಿನ ಒಂದು ಪಶುವೈದ್ಯರ ಕ್ಲಿನಿಕ್ಕಿನಿಂದ. "ಆಮೆಯನ್ನು ಸ್ಕ್ಯಾನ್ ಮಾಡುವಾಗ ಚಿತ್ರ ಪದೇ ಪದೇ ನಿಂತುಹೋಗುತ್ತದೆ." ಟೀಮಿನಲ್ಲಿ ಒಂದು ವಾರ ಇದೇ ಜೋಕು. ಆಮೆಯಲ್ವಾ, ಚಿತ್ರಾನೂ ನಿಧಾನ ಇರುತ್ತೆ, ಕಾಯಬೇಕು ಅಂತ ಉತ್ತರ ಬರೆದು ಕ್ಲೋಸ್ ಮಾಡು ಅಂತ ಪಕ್ಕದ ಸೀಟಿನವನು. ನಾನೂ ನಕ್ಕೆ. ಆಮೇಲೆ ಯಾವ ಫೈಲಿನಲ್ಲಿ ತಪ್ಪಿದೆ ಅಂತ ನೋಡಿದರೆ, ಬರೆದವನ ಹೆಸರು ನನ್ನದೇ.

ವಿಷಯ ಇಷ್ಟು. ಪ್ರೋಬನ್ನು ಸುಮ್ಮನೆ ಸ್ಟ್ಯಾಂಡಿನಲ್ಲಿ ಇಟ್ಟಿದ್ದಾಗಲೂ ಶಬ್ದ ಕಳಿಸುತ್ತಾ ಇದ್ದರೆ ಅದು ಬಿಸಿಯಾಗುತ್ತೆ, ಬ್ಯಾಟರಿನೂ ಖಾಲಿ. ಅದಕ್ಕೇ ಪ್ರೋಬ್ ಗಾಳಿಯಲ್ಲಿದೆ ಅಂತ ಗೊತ್ತಾದ ಕೂಡಲೇ ತಾನಾಗಿ ನಿಲ್ಲುವ ಹಾಗೆ ಮಾಡಿರ್ತೀವಿ. ಗಾಳಿಯಲ್ಲಿದೆ ಅಂತ ಹೇಗೆ ಗೊತ್ತು? ಈ ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತೆ. ಮೆಷಿನ್ನು ಆ ಒಂದು ಸಂಖ್ಯೆಯನ್ನು ನಂಬಿಕೊಂಡು, ಪ್ರತಿಧ್ವನಿ ಎಷ್ಟು ಹೊತ್ತಿಗೆ ವಾಪಸ್ ಬಂತು ಅನ್ನುವುದರ ಮೇಲೆ ಯಾವುದು ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕುತ್ತೆ. ಎದುರಿಗೆ ಗಾಳಿ ಇದ್ದರೆ ಶಬ್ದ ಒಳಗೆ ಹೋಗುವುದೇ ಇಲ್ಲ, ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ತಿರುಗಿ ಬರುತ್ತೆ. (ಜೆಲ್ ಹಚ್ಚುವುದೂ ಅದಕ್ಕೇ. ಚರ್ಮಕ್ಕೂ ಪ್ರೋಬಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಮುಗೀತು.) ಆಗ ಚಿತ್ರದ ಮೇಲ್ಭಾಗದಲ್ಲಿ ಒಂದಷ್ಟು ಗೆರೆ ಕಾಣುತ್ತೆ, ಕೆಳಗೆಲ್ಲ ಕತ್ತಲೆ. ನನ್ನ ಕೋಡು ನೋಡುತ್ತಿದ್ದದ್ದು ಅದನ್ನೇ. ಬಹುಪಾಲು ಕತ್ತಲೆಯಾಗಿದ್ದರೆ ಗಾಳಿ ಅಂದುಕೋ, ನಿಲ್ಲು.

ಮನುಷ್ಯರ ಹೊಟ್ಟೆ ವಿಶಾಲ, ಅಲ್ಲಿ ಈ ಲೆಕ್ಕ ಸರಿ. ಆಮೆಗೆ ಹೊಟ್ಟೆ ಎಲ್ಲಿದೆ ಹೇಳಿ?

ಕಾರ್ಟೂನುಗಳಲ್ಲಿ ಆಮೆ ಚಿಪ್ಪನ್ನು ಅಂಗಿ ಬಿಚ್ಚಿದ ಹಾಗೆ ಬಿಚ್ಚಿಟ್ಟು ಓಡುತ್ತಲ್ಲ, ನಾನು ಎಷ್ಟೋ ವರ್ಷ ಅದು ನಿಜ ಅಂತಲೇ ತಿಳಿದಿದ್ದೆ. ಚಿಪ್ಪು ಅಂದರೆ ಅದರ ಅಸ್ಥಿಪಂಜರವೇ. ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಅಗಲವಾಗಿ ಹರಡಿ, ಒಂದಕ್ಕೊಂದು ಬೆಸೆದು ಮೇಲಿನ ಚಿಪ್ಪಾಗಿದೆ. ನಮಗೆ ಹೆಗಲಿನ ಮೂಳೆ ಪಕ್ಕೆಲುಬಿನ ಗೂಡಿನ ಹೊರಗಿದ್ದರೆ ಆಮೆಗೆ ಗೂಡಿನ ಒಳಗೇ. ಮೂಳೆ ಶಬ್ದವನ್ನು ಒಂದಿಷ್ಟು ತಿರುಗಿಸಿ ಕಳಿಸುತ್ತೆ, ಮಿಕ್ಕಿದ್ದನ್ನು ನುಂಗಿ ಹಾಕುತ್ತೆ. ಬೆನ್ನಿನ ಮೇಲೆ ಪ್ರೋಬ್ ಇಟ್ಟರೂ ಕತ್ತಲೆ, ಅಡಿಯ ತಟ್ಟೆಗೆ ಇಟ್ಟರೂ ಕತ್ತಲೆ. ಸಾಲದ್ದಕ್ಕೆ ಮೇಲಿನ ಚಿಪ್ಪಿನ ಅಡಿಗೆ ಶ್ವಾಸಕೋಶ, ಅಂದರೆ ಮತ್ತೆ ಗಾಳಿ.

ಹಾಗಾಗಿ ಆಮೆಯ ಒಳಗೆ ನೋಡಬೇಕು ಅಂದರೆ ಇರುವುದು ಕೆಲವೇ ಕಿಟಕಿಗಳು. ಕುತ್ತಿಗೆಗೂ ಮುಂಗಾಲಿಗೂ ನಡುವಿನ ಮೆತ್ತನೆಯ ಚರ್ಮ ಒಂದು. ಅಲ್ಲಿಂದ ಹೃದಯ ಕಾಣುತ್ತೆ, ನಮ್ಮ ಹಾಗೆ ನಾಲ್ಕಲ್ಲ, ಮೂರೇ ಕೋಣೆ. ಅದೆಷ್ಟು ನಿಧಾನಕ್ಕೆ ಬಡಿಯುತ್ತೆ ಅಂದರೆ ನೋಡುತ್ತಿರುವ ನಮಗೇ ಉಸಿರು ಕಟ್ಟುತ್ತೆ. ಇನ್ನೊಂದು ಕಿಟಕಿ ಹಿಂಗಾಲಿನ ಮುಂದೆ, ತೊಡೆಗೂ ಚಿಪ್ಪಿಗೂ ನಡುವಿನ ಕುಳಿ. ಮೂತ್ರಕೋಶ, ಕರುಳು, ಅಂಡಾಶಯ, ಮೊಟ್ಟೆ ಎಲ್ಲ ಈ ಕಡೆಯಿಂದ. ಇಲ್ಲಿಗೆ ಇಸ್ತ್ರಿಪೆಟ್ಟಿಗೆ ಗಾತ್ರದ ಪ್ರೋಬ್ ಹಿಡಿಸಲ್ಲ, ಬೆರಳ ತುದಿಯಷ್ಟರ ದುಂಡಗಿನದು ಬೇಕು, ಅದೂ 7.5 ಮೆಗಾಹರ್ಟ್ಸೋ ಅದಕ್ಕಿಂತ ಮೇಲಿನದೋ. ಅದನ್ನು ಕುಳಿಯಲ್ಲಿ ತೂರಿಸುವಷ್ಟರಲ್ಲಿ ಆಮೆ ಕಾಲನ್ನು ಒಳಗೆ ಎಳೆದುಕೊಂಡುಬಿಡುತ್ತೆ. ಆ ಕಾಲಿನ ಶಕ್ತಿ ಹಿಡಿದವರಿಗೇ ಗೊತ್ತು. ಅಂಗಗಳನ್ನು ಆಮೆಯ ಹಾಗೆ ಒಳಗೆಳೆದುಕೊಂಡವನೇ ಸ್ಥಿತಪ್ರಜ್ಞ ಅಂತ ಗೀತೆಯಲ್ಲಿ ಹೇಳಿದೆಯಲ್ಲ, ಸ್ಥಿತಪ್ರಜ್ಞರನ್ನು ಸ್ಕ್ಯಾನ್ ಮಾಡೋದು ಬಲು ಕಷ್ಟ. ವೈದ್ಯರು ಅದಕ್ಕೊಂದು ಉಪಾಯ ಮಾಡ್ತಾರೆ. ಆಮೆಯನ್ನು ಒಂದು ಬೋಗುಣಿ ಕವುಚಿ ಅದರ ಮೇಲೆ ಕೂರಿಸ್ತಾರೆ, ನಾಲ್ಕೂ ಕಾಲು ಗಾಳಿಯಲ್ಲಿ. ನೆಲ ಸಿಗದ ಆಮೆ ಈಜುವ ಹಾಗೆ ಕಾಲು ಆಡಿಸುತ್ತಾ ಇರುತ್ತೆ, ಆ ಸಂದಿನಲ್ಲಿ ಪ್ರೋಬ್ ಒಳಗೆ.

ನನ್ನ ಬಗ್ ಇದ್ದದ್ದು ಇಲ್ಲೇ. ಆ ಕುಳಿಯಲ್ಲಿ ಪ್ರೋಬಿನ ಮುಖ ಪೂರ್ತಿ ಚರ್ಮಕ್ಕೆ ತಾಗುವುದಿಲ್ಲ. ನಡುವಿನ ಒಂದು ಪಟ್ಟಿಯಷ್ಟೇ ತಾಗುತ್ತೆ, ಎರಡೂ ಕಡೆ ಗಾಳಿ. ಚಿತ್ರದಲ್ಲಿ ಮುಕ್ಕಾಲು ಪಾಲು ಕತ್ತಲೆ. ನನ್ನ ಕೋಡು ಅದನ್ನು ನೋಡಿ, ಇಲ್ಲಿ ಯಾರೂ ಇಲ್ಲ ಅಂತ ತೀರ್ಮಾನ ಮಾಡಿ ನಿಲ್ಲಿಸಿಬಿಡುತ್ತಿತ್ತು.

ಇಲ್ಲಿ ಯಾರೂ ಇಲ್ಲ. ಕಾಮೆಂಟಿನಲ್ಲಿ ಹೆಚ್ಚುಕಡಿಮೆ ಹಾಗೇ ಬರೆದಿದ್ದೆ ನಾನು.

ಬಗ್ಗಿನ ಜೊತೆ ಒಂದು ಕ್ಲಿಪ್ಪೂ ಇತ್ತು, ಆ ವೈದ್ಯರು ಬರೆದ ನಾಲ್ಕು ಸಾಲಿನ ಟಿಪ್ಪಣಿಯೂ. ಸಾಮಾನ್ಯವಾಗಿ ನಾವು ಟಿಪ್ಪಣಿ ಓದಲ್ಲ, ಲಾಗ್ ಓದ್ತೀವಿ. ಅವತ್ತು ಯಾಕೋ ಓದಿದೆ. ಹರ್ಮನ್ ಆಮೆ ಅಂತ ಒಂದು ಜಾತಿ, ಹೆಣ್ಣು. ಮೂರು ವಾರದಿಂದ ಏನೂ ತಿನ್ನುತ್ತಿಲ್ಲ. ಒಂದು ಕಡೆ ನಿಲ್ಲುತ್ತಿಲ್ಲ. ಮೂಲೆಗೆ ಹೋಗಿ ಹಿಂಗಾಲಿನಿಂದ ನೆಲ ಕೆರೆಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸಾಕಿದ್ದಾರೆ, ಮಣ್ಣಿಲ್ಲ.

ಕ್ಲಿಪ್ ಓಡಿಸಿದೆ. ಕಪ್ಪಗೆ ಒಂದು ದೊಡ್ಡ ಕೊಳದ ಹಾಗೆ ಮೂತ್ರಕೋಶ. ಅದರಾಚೆ ಬಿಳಿಯ ಒಂದು ಕಮಾನು, ಹಿಂದೆ ನೆರಳು. ಪ್ರೋಬ್ ಸ್ವಲ್ಪ ವಾಲಿದಾಗ ಇನ್ನೊಂದು ಕಮಾನು. ಆಮೇಲೆ ಮತ್ತೊಂದು. ಸುಣ್ಣದ ಚಿಪ್ಪು ಕಟ್ಟಿದ ಮೊಟ್ಟೆಗಳು ಹಾಗೆ ಕಾಣುತ್ತವೆ ಅಂತ ಆಮೇಲೆ ಗೊತ್ತಾಯ್ತು. ಎಣಿಸಲಿಕ್ಕೆ ಎಕ್ಸ್‌ರೇನೇ ವಾಸಿಯಂತೆ. ಆದರೆ ಚಿಪ್ಪು ಕಟ್ಟುವ ಮೊದಲಿನ ಹಳದಿಯ ಗುಂಡುಗಳು ಎಕ್ಸ್‌ರೇಯಲ್ಲಿ ಕಾಣಲ್ಲ, ಅದಕ್ಕೆ ಈ ಶಬ್ದವೇ ಬೇಕು. ಅಂಥ ಗುಂಡುಗಳು ಮುಂದಕ್ಕೆ ಮೊಟ್ಟೆಯಾಗದೆ ಹಾಗೇ ಉಳಿದುಕೊಂಡರೂ ಆಮೆಯ ಜೀವಕ್ಕೆ ಅಪಾಯ.

ನಾಲ್ಕನೇ ಕಮಾನು ಕಾಣುವಷ್ಟರಲ್ಲಿ ನನ್ನ ಕೋಡು ಚಿತ್ರ ನಿಲ್ಲಿಸಿತು. ಸ್ಕ್ರೀನ್ ಹಾಗೇ ನಿಂತಿತ್ತು. ನಾನೂ.

ಈಗ ಊರಿನ ಕಥೆ ಹೇಳಬೇಕು.

ನಮ್ಮದು ಪಾವಗಡದ ಕಡೆ. ಕಡಲೆಕಾಯಿ, ಕಲ್ಲುಗುಡ್ಡ, ಜಾಲಿಮುಳ್ಳು, ಬಿಸಿಲು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಕಡಲೆಕಾಯಿ ಕಳೆ ತೆಗೆಯುವ ಹೊತ್ತಿನಲ್ಲಿ ಅಪ್ಪನಿಗೆ ಹೊಲದ ಬದುವಿನಲ್ಲಿ ಒಂದು ನಕ್ಷತ್ರ ಆಮೆ ಸಿಕ್ಕಿತು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು, ಒಂದೊಂದು ಗುಬ್ಬಿಯಿಂದಲೂ ಸೂರ್ಯನ ಕಿರಣದ ಹಾಗೆ. ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದರು. ಆಮೆ ಮನೆಯಲ್ಲಿದ್ದರೆ ದುಡ್ಡು ನಿಲ್ಲುತ್ತೆ ಅಂತ ಯಾರೋ ಹೇಳಿದ್ದರಂತೆ. ದುಡ್ಡಂತೂ ನಿಲ್ಲಲಿಲ್ಲ, ಆ ವರ್ಷ ಮಳೆಯೂ ಕೈಕೊಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದನ್ನು ಹಿಡಿದು ಸಾಕೋದು ಅಪರಾಧ ಅನ್ನುವುದು ಆಗ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತಿಗೂ ಇದೇ ಅದೃಷ್ಟದ ಹುಚ್ಚಿಗೆ ಸೂಟ್‌ಕೇಸುಗಳಲ್ಲಿ ತುಂಬಿ ಸಾಗಿಸ್ತಾರೆ, ಅಷ್ಟು ಸಾಗಿಸಿದ್ದಕ್ಕೇ 2019ರಲ್ಲಿ ಈ ಆಮೆಯನ್ನು ಸೈಟ್ಸ್ ಒಪ್ಪಂದದ ಮೊದಲನೇ ಪಟ್ಟಿಗೆ ಸೇರಿಸಿದ್ದು. ನಮ್ಮಪ್ಪ ಸಾಗಿಸಲಿಲ್ಲ, ತಂದಿಟ್ಟುಕೊಂಡರು ಅಷ್ಟೇ. ಅಷ್ಟೇ ಅಂತ ಬರೆಯುವಾಗ ಕೈ ಸ್ವಲ್ಪ ತಡೆಯಿತು.

ನಾನು ಅದಕ್ಕೆ ಚುಕ್ಕಿ ಅಂತ ಹೆಸರಿಟ್ಟೆ. ನಮ್ಮ ಮನೆ ಪಡಸಾಲೆಗೆ ಕಡಪಾ ಕಲ್ಲು, ಹಿತ್ತಲಿಗೆ ಆ ವರ್ಷವೇ ಹೊಸದಾಗಿ ಸಿಮೆಂಟ್ ಹಾಕಿಸಿದ್ದರು. ಅಮ್ಮನಿಗೆ ಆ ಸಿಮೆಂಟಿನ ಬಗ್ಗೆ ಬಹಳ ಹೆಮ್ಮೆ, ಕೆಸರಿಲ್ಲ, ಗುಡಿಸೋಕೆ ಸಲೀಸು. ಚುಕ್ಕಿ ಸೌತೆಕಾಯಿ ತಿನ್ನುತ್ತಿತ್ತು, ದಂಟಿನ ಸೊಪ್ಪು ತಿನ್ನುತ್ತಿತ್ತು, ದಾಸವಾಳದ ಹೂವು ಅಂದರೆ ಪ್ರಾಣ. ಕುತ್ತಿಗೆ ಉದ್ದ ಮಾಡಿ, ಕಣ್ಣು ಅರೆಮುಚ್ಚಿ, ಎಲೆ ಅಡಿಕೆ ಹಾಕಿಕೊಂಡ ಮುದುಕಿಯ ಹಾಗೆ ನಿಧಾನಕ್ಕೆ ಜಗಿಯುತ್ತಿತ್ತು. ಸ್ಕೂಲಿನಿಂದ ಬಂದವನು ಬ್ಯಾಗು ಎಸೆದು ಅದರ ಮುಂದೆ ಬೋರಲು ಮಲಗಿಬಿಡುತ್ತಿದ್ದೆ.

ದೀಪಾವಳಿ ಹೊತ್ತಿಗೆ ತಿನ್ನೋದು ಬಿಟ್ಟಿತು. ದಾಸವಾಳ ಕೊಟ್ಟರೂ ಮೂಸಲಿಲ್ಲ. ಬಚ್ಚಲ ಒಲೆಯ ಪಕ್ಕದ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಹಿಂಗಾಲಿನಿಂದ ಸಿಮೆಂಟು ಕೆರೆಯುತ್ತಿತ್ತು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಕರ್.. ಕರ್.. ರಾತ್ರಿ ಮಲಗಿದರೆ ಆ ಸದ್ದು ಕೇಳುತ್ತಿತ್ತು. ತಪ್ಪಿಸಿಕೊಂಡು ಹೋಗೋಕೆ ನೋಡ್ತಿದೆ ಅಂತ ನಾನು ಹಿತ್ತಲ ಬಾಗಿಲಿಗೆ ಅಡ್ಡ ಹಲಗೆ ಇಟ್ಟೆ. ಒಲೆಯ ಬೂದಿ ಚೆಲ್ಲಿದ ಕಡೆಯೇ ಜಾಸ್ತಿ ಕೆರೆಯುತ್ತಿತ್ತು, ಅದೊಂದೇ ಮೆತ್ತಗಿದ್ದ ಜಾಗ ಅಂತ ಈಗ ಹೊಳೆಯುತ್ತೆ. ಅಮ್ಮ ಬೂದಿ ದಿನಾ ಗುಡಿಸುತ್ತಿದ್ದಳು.

ಕಾರ್ತೀಕದ ಕೊನೆಗೆ ಒಂದು ಬೆಳಿಗ್ಗೆ ತಲೆ ಹೊರಗೆ ಚಾಚಿಕೊಂಡೇ ಬಿದ್ದಿತ್ತು. ಆಮೆ ತಲೆ ಒಳಗೆ ಎಳೆದುಕೊಳ್ಳಲಿಲ್ಲ ಅಂದರೆ ಸತ್ತಿದೆ ಅಂತ ಅವತ್ತು ಕಲಿತೆ. ಅಪ್ಪ ಕಾಂಪೌಂಡಿನ ಆಚೆ ಮಣ್ಣು ತೋಡಿ ಹೂತರು. ಮಣ್ಣು ಅಷ್ಟು ದೂರದಲ್ಲಿತ್ತು. ಇಪ್ಪತ್ತು ಹೆಜ್ಜೆ.

ಯುಗಾದಿ ಕಳೆದ ಮೇಲೆ ಅಲ್ಲೇ ಕರಿಬೇವಿನ ಸಸಿ ನೆಡೋಕೆ ಅಪ್ಪ ಗುದ್ದಲಿ ಹಾಕಿದರು, ಹೂತ ಜಾಗ ಮರೆತಿದ್ದರು. ಗುದ್ದಲಿ ಚಿಪ್ಪಿಗೆ ತಾಗಿ ಬಿರಿಯಿತು. ಒಳಗೆ ಮಣ್ಣಿನ ಜೊತೆ ಮೂರು ಮೊಟ್ಟೆ. ಪಿಂಗ್‌ಪಾಂಗ್ ಚೆಂಡಿನಷ್ಟು, ಸ್ವಲ್ಪ ಉದ್ದಕ್ಕೆ. ಎರಡು ಒಡೆದು ಟೊಳ್ಳಾಗಿದ್ದವು, ಒಂದು ಹಾಗೇ ಇತ್ತು. ಅಪ್ಪ ಗುದ್ದಲಿ ಹಿಡಿದುಕೊಂಡು ನಿಂತೇ ಇದ್ದರು. ಅಜ್ಜಿ ಬಂದು ಬಗ್ಗಿ ನೋಡಿ, "ಮಣ್ಣು ಕೇಳ್ತಿತ್ತು ಕಣೋ ಅದು" ಅಂದಳು. ಇನ್ನೇನೂ ಅನ್ನಲಿಲ್ಲ. ಆ ಮೇಲೆ ನಮ್ಮ ಮನೆಯಲ್ಲಿ ಚುಕ್ಕಿಯ ಮಾತು ಯಾರೂ ಎತ್ತಲಿಲ್ಲ. ಜಗಳ ಆಗಿ ಅಲ್ಲ, ಸುಮ್ಮನೆ ಎತ್ತಲಿಲ್ಲ.

ಹೆಣ್ಣಾಮೆ ಹಿಂಗಾಲಿನಿಂದ ಹೂಜಿಯ ಆಕಾರದ ಗುಂಡಿ ತೋಡಿ, ಮಣ್ಣು ಗಟ್ಟಿ ಇದ್ದರೆ ತನ್ನ ಮೂತ್ರದಿಂದಲೇ ನೆನೆಸಿ ಮೆತ್ತಗೆ ಮಾಡಿಕೊಂಡು, ಅಲ್ಲಿ ಮೊಟ್ಟೆ ಇಡುತ್ತೆ. ಸರಿಯಾದ ಜಾಗ ಸಿಗದಿದ್ದರೆ ಮೊಟ್ಟೆಯನ್ನು ಒಳಗೇ ತಡೆದುಕೊಳ್ಳುತ್ತೆ. ದಿನ, ವಾರ, ತಿಂಗಳು. ಇದನ್ನೆಲ್ಲ ನಾನು ಓದಿದ್ದು ಈಗ, ಆ ಬಗ್ ಬಂದ ಮೇಲೆ, ಆಫೀಸಿನಲ್ಲಿ ಕೂತು. ಚುಕ್ಕಿ ಅದರಿಂದಲೇ ಸತ್ತಿತು ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಕರ್ ಕರ್ ಸದ್ದು ಏನು ಅಂತ ಈಗ ಗೊತ್ತು.

ಮೂರು ತಿಂಗಳು ರಾತ್ರಿಯೆಲ್ಲ ಆಮೆಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅಲ್ಟ್ರಾಸೌಂಡಿನ ಹುಟ್ಟಿನ ಬಗ್ಗೆಯೂ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಅನ್ನುವ ಹೆರಿಗೆ ಡಾಕ್ಟರು 1955ರಲ್ಲಿ ಆಪರೇಷನ್ ಮಾಡಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಒಂದು ಬಾಯ್ಲರ್ ಕಾರ್ಖಾನೆಗೆ ಹೋದರಂತೆ. ಅಲ್ಲಿ ಲೋಹದ ಒಳಗಿನ ಬಿರುಕು ಹುಡುಕುವ ಮೆಷಿನ್ನಿತ್ತು. ಕಬ್ಬಿಣದಲ್ಲಿ ಬಿರುಕು ಕಾಣುವುದಾದರೆ ಗಡ್ಡೆಯಲ್ಲಿ ನೀರಿದೆಯೋ ಮಾಂಸವಿದೆಯೋ ಕಾಣಬೇಕಲ್ಲ ಅಂತ. ಹೋಲಿಸಿ ನೋಡೋಕೆ ಒಂದು ತುಂಡು ದನದ ಮಾಂಸವನ್ನೂ ತರಿಸಿದ್ದರು. ಅದರಿಂದ ಶುರುವಾಗಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಬಸುರಿಯರ ಹೊಟ್ಟೆಯೊಳಗೆ ನೋಡೋಕೆ ನಮಗೆ ದಾರಿಯಾಯ್ತು.

ಆ ದಾರಿ ನಮ್ಮ ದೇಶದಲ್ಲಿ ಎಲ್ಲಿಗೆ ಹೋಯಿತು ಅಂತ ನಿಮಗೇ ಗೊತ್ತು. ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ಒಂದು ಬೋರ್ಡು, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ. 1994ರ ಕಾಯ್ದೆ. ಮೆಷಿನ್ನನ್ನು ನೋಂದಾಯಿತ ಜಾಗಕ್ಕೆ ಬಿಟ್ಟು ಬೇರೆಯವರಿಗೆ ಮಾರುವ ಹಾಗಿಲ್ಲ. ನಮ್ಮ ಲ್ಯಾಬಿನಲ್ಲಿರುವ ಅಂಗೈ ಅಗಲದ ಮೆಷಿನ್ನನ್ನು ಒಂದು ದಿನಕ್ಕೆ ಹೊರಗೆ ಒಯ್ಯುತ್ತೇನೆ, ಒಂದು ಆಮೆ ನೋಡಿಕೊಂಡು ಬರ್ತೀನಿ ಅಂದರೆ ಮ್ಯಾನೇಜರು ನನ್ನನ್ನೇ ನೋಡಿದರು. ಸರಿಯಾಗಿಯೇ ನೋಡಿದರು. ಹೆಣ್ಣು ಅಂತ ಗೊತ್ತಾದರೆ ಕೊಲ್ಲುವವರಿದ್ದಾರೆ ಅಂತ ತಾನೆ ಆ ಬೀಗ.

ಹೀಗಿರುವಾಗ ವಿಯೆಟ್ನಾಮಿನ ಒಂದು ಕಥೆ ಸಿಕ್ಕಿತು. ಹನೋಯ್ ಹತ್ತಿರ ಡಾಂಗ್ ಮೊ ಅಂತ ಒಂದು ಕೆರೆ. ಯಾಂಗ್ಟ್ಸಿ ದೈತ್ಯ ಮೆದುಚಿಪ್ಪಿನ ಆಮೆ ಅನ್ನುವ ಜಾತಿ, ಜಗತ್ತಿನಲ್ಲಿ ಖಚಿತವಾಗಿ ಗೊತ್ತಿದ್ದವು ಬೆರಳೆಣಿಕೆಯಷ್ಟು. ಚೀನಾದ ಸುಝೌ ಮೃಗಾಲಯದಲ್ಲಿ ಒಂದು ಮುದಿ ಜೋಡಿ ಇತ್ತು. ಹೆಣ್ಣನ್ನು 2008ರಲ್ಲಿ ಬೇರೆ ಊರಿನಿಂದ ತಂದಿದ್ದರು. ಅದು ಮೊಟ್ಟೆ ಇಟ್ಟಿತು, ಮತ್ತೆ ಮತ್ತೆ ಇಟ್ಟಿತು, ಒಂದೂ ಮರಿಯಾಗಲಿಲ್ಲ. ಆಮೇಲೆ ಕೃತಕ ಗರ್ಭಧಾರಣೆ. ಐದನೇ ಪ್ರಯತ್ನ ಆದ ಮಾರನೇ ದಿನ, 2019ರ ಏಪ್ರಿಲ್‌ನಲ್ಲಿ, ಅದು ಸತ್ತುಹೋಯಿತು. ಉಳಿದದ್ದು ಗಂಡು. ಹಾಗಾಗಿ 2020ರ ಅಕ್ಟೋಬರ್‌ನಲ್ಲಿ ಡಾಂಗ್ ಮೊ ಕೆರೆಯಲ್ಲಿ 86 ಕಿಲೋ ತೂಕದ, ಒಂದು ಮೀಟರ್ ಉದ್ದದ ಆಮೆಯೊಂದನ್ನು ಹಿಡಿದಾಗ ಎಲ್ಲರಿಗೂ ಇದ್ದದ್ದು ಒಂದೇ ಪ್ರಶ್ನೆ, ಗಂಡೋ ಹೆಣ್ಣೋ. ರಕ್ತ ತೆಗೆದರು, ಅಲ್ಟ್ರಾಸೌಂಡ್ ಮಾಡಿದರು. ಹೆಣ್ಣು! ಆ ಸುದ್ದಿ ಓದಿದವರೆಲ್ಲ ಹಿಗ್ಗಿದರು, ನಾನು ಇಷ್ಟು ವರ್ಷದ ಮೇಲೆ ಓದಿಯೂ ಹಿಗ್ಗಿದೆ. ನಾನು ಕೋಡ್ ಬರೆಯುವಂಥದ್ದೇ ಒಂದು ಮೆಷಿನ್ನು ಹೆಣ್ಣು ಅಂತ ಹೇಳಿದ್ದಕ್ಕೆ ಒಂದಿಡೀ ದೇಶ ಖುಷಿಪಟ್ಟಿತ್ತು. ಅದನ್ನು ಹಾಗೇ ಕೆರೆಗೆ ವಾಪಸ್ ಬಿಟ್ಟರು.

2023ರ ಏಪ್ರಿಲ್‌ನಲ್ಲಿ ಅದೇ ಕೆರೆಯಲ್ಲಿ ಹೆಣ್ಣಾಮೆಯ ಹೆಣ ತೇಲಿತು. ರಾತ್ರಿ ಒಂದೂವರೆಗೆ ಅದನ್ನು ಓದಿ, ಲ್ಯಾಪ್‌ಟಾಪ್ ಮುಚ್ಚಿ, ಬಾಲ್ಕನಿಗೆ ಹೋಗಿ ನಿಂತುಕೊಂಡೆ. ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಪೂರ್ತಿ ಪೇವರ್ ಕಲ್ಲು ಹಾಸಿದ್ದಾರೆ.

ಬಗ್ಗಿನ ವಿಷಯಕ್ಕೆ ಬರ್ತೀನಿ. ಪರಿಹಾರ ದೊಡ್ಡದೇನಲ್ಲ. ಪೂರ್ತಿ ಚಿತ್ರದ ಸರಾಸರಿ ನೋಡುವ ಬದಲು ಪ್ರತಿಯೊಂದು ಸಾಲನ್ನೂ ಬೇರೆ ಬೇರೆ ನೋಡು. ಅಕ್ಕಪಕ್ಕದ ಕೆಲವೇ ಸಾಲುಗಳಲ್ಲಿ ಆಳದಿಂದ ಉತ್ತರ ಬರುತ್ತಿದ್ದರೂ ಸಾಕು, ನಿಲ್ಲಬೇಡ. ಬರೆದದ್ದು ನಲವತ್ತು ಸಾಲು. ಟೆಸ್ಟಿಂಗಿಗೆ ತಿಂಗಳುಗಟ್ಟಲೆ ಹಿಡೀತು, ಯಾಕಂದರೆ ಮನುಷ್ಯರ ಕಡೆ ಏನೂ ಕೆಡಬಾರದು. ಲ್ಯಾಬಿನಲ್ಲಿ ಆಮೆ ಇಲ್ಲವಲ್ಲ, ರಬ್ಬರಿನ ತರಹದ ಪರೀಕ್ಷಾ ಗಟ್ಟಿಯ ಮೇಲೆ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಕವುಚಿ, ಅಂಚಿನಲ್ಲಿ ಒಂದು ಸಂದು ಕೊರೆದು, ಅಲ್ಲಿಂದ ಪ್ರೋಬ್ ತೂರಿಸಿ ಪರೀಕ್ಷೆ ಮಾಡಿದೆ. ಆ ಮುಚ್ಚಳದ ಮೇಲೆ ಪಕ್ಕದ ಸೀಟಿನವನು ಮಾರ್ಕರಿನಲ್ಲಿ ಹಳದಿ ಗೆರೆ ಎಳೆದು ಕಣ್ಣು ಬರೆದ. ಅವನಿಗೆ ಕಥೆ ಗೊತ್ತಿಲ್ಲ. ರಿಲೀಸ್ ನೋಟಿನಲ್ಲಿ "ಸಣ್ಣ ಪ್ರೋಬುಗಳಲ್ಲಿ ತಾನಾಗಿ ನಿಲ್ಲುವ ಸಮಸ್ಯೆ ಸರಿಪಡಿಸಲಾಗಿದೆ" ಅಂತ ಒಂದೇ ಸಾಲು ಹೋಯಿತು.

ಆ ವೈದ್ಯರಿಗೆ ಮೇಲ್ ಹಾಕುವಾಗ ಕೊನೆಯಲ್ಲಿ, ಕೇಳಬಾರದೋ ಏನೋ, ಆ ಆಮೆ ಏನಾಯಿತು ಅಂತ ಕೇಳಿದೆ. ಎರಡು ದಿನದ ಮೇಲೆ ಉತ್ತರ ಬಂತು. ಅವತ್ತೇ ಎಕ್ಸ್‌ರೇ ತೆಗೆದು ಎಣಿಸಿದ್ದರಂತೆ. ಕ್ಯಾಲ್ಸಿಯಂ ಕೊಟ್ಟು, ಆಳವಾದ ಪೆಟ್ಟಿಗೆಯಲ್ಲಿ ಒದ್ದೆ ಮಣ್ಣು ತುಂಬಿ, ಮೇಲೊಂದು ಬಿಸಿಯ ದೀಪ ಹಾಕಿ ಬಿಟ್ಟಿದ್ದರು. ಬೇಕಾದರೆ ಇರಲಿ ಅಂತ ಆಕ್ಸಿಟೋಸಿನ್ ಇಂಜೆಕ್ಷನ್ ತಯಾರಿಟ್ಟುಕೊಂಡಿದ್ದರು, ಬೇಕಾಗಲಿಲ್ಲ. ಮೂರನೇ ದಿನ ತಾನೇ ಗುಂಡಿ ತೋಡಿತಂತೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಕೆಲಸದ ವಿಷಯ ಬಂತು. ಯಾವತ್ತೂ ಬರಲ್ಲ. ಹಿಂಗೊಂದು ಆಮೆ ಅಪ್ಪ, ವಿದೇಶದ್ದು, ಮೊಟ್ಟೆ ಇಡೋಕೆ ಆಗದೆ ಒದ್ದಾಡ್ತಿತ್ತು, ನಾನು ಮಾಡಿದ ಮೆಷಿನ್ನಿನಲ್ಲಿ ನೋಡಿದ್ರು, ಈಗ ಆರಾಮಾಗಿದೆ ಅಂದೆ. ಮಾಡಿದ್ದು ನಾನೊಬ್ಬನೇ ಅಲ್ಲ, ನಾನು ಮಾಡಿದ್ದು ಅದನ್ನು ನಿಲ್ಲಿಸುವ ಭಾಗ ಅಂತೆಲ್ಲ ವಿವರಿಸೋಕೆ ಹೋಗಲಿಲ್ಲ.

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಫೋನ್ ಕಟ್ಟಾಯ್ತೇನೋ ಅಂತ ನೋಡಿದೆ.

"ಎಷ್ಟಿಟ್ಟಿತ್ತು?"

"ಐದು."

"ನಮ್ಮದು ಮೂರು ಅಲ್ವಾ" ಅಂದರು ಅಪ್ಪ. ಆಮೇಲೆ ಫೋನನ್ನು ಅಮ್ಮನಿಗೆ ಕೊಟ್ಟರು.